ಒಳಗಿನ ಹ್ಯಾಂಡಲ್ ಸರಿ ಇದೆ

ಜೂನ್ 2, ಸೋಮವಾರ. ಬೆಳಿಗ್ಗೆ 6.50

ಮೂರೂ ಕೋಲ್ಡ್ ಸ್ಟೋರೇಜ್ ರೂಮು ನೋಡಿಯಾಯಿತು. ಒಂದನೆಯದು ಮೈನಸ್ ಇಪ್ಪತ್ತೊಂದು. ಎರಡು, ಮೂರು — ಮೈನಸ್ ಇಪ್ಪತ್ತೆರಡು. ಬಟಾಣಿ ಕಲ್ಲಾಗಿದೆ, ಜೋಳ ಕಲ್ಲಾಗಿದೆ, ನನ್ನ ಮೂಗೂ ಹೆಚ್ಚುಕಡಿಮೆ ಹಾಗೇ. ಚೆಕ್ ಶೀಟ್ ತುಂಬಿದೆ. ದೀಪ ಓಕೆ. ನೆಲ ಓಕೆ. ಬಾಗಿಲಿನ ರಬ್ಬರ್ ಓಕೆ. ಒಳಗಿನ ಹ್ಯಾಂಡಲ್ ಓಕೆ. ಸಹಿ. ಟೀ ಇನ್ನೂ ಬಂದಿಲ್ಲ.

ಹೊಸ ಮ್ಯಾನೇಜರ್ ಇವತ್ತು ಬರುತ್ತಾರಂತೆ. ಹೆಂಗಸು. ಬೇರೆ ದೇಶದವರು. ನಮ್ಮ ಭಾಷೆಯನ್ನು ಪುಸ್ತಕ ಓದಿ ಕಲಿತಿದ್ದಾರಂತೆ. ನಮ್ಮ ಲೋಡರ್ ಉದ್ದಣ್ಣ — ಎಲ್ಲ ಬಾಗಿಲಿಗೂ ತಲೆ ತಗ್ಗಿಸಿಯೇ ನುಗ್ಗುವ ಆಸಾಮಿ — ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಂದಿದ್ದಾನೆ. "ಏನೋ ಇದು, ಮದುಮಗನ ಹಾಗೆ?" ಅಂದೆ. "ಮೊದಲನೇ ದಿನ ಚೆನ್ನಾಗಿ ಕಾಣ್ಬೇಕಲ್ಲ ಅಕ್ಕಾ. ಆಮೇಲೆ ಹೇಗೂ ಬೈಸ್ಕೊಳ್ಳೋದು ಇದ್ದೇ ಇದೆ" ಅಂದ.

ಸಂಜೆ

ಮೇಡಂ ಬಂದರು. ಸಣ್ಣ ಆಳು. ಕಿವಿಯ ಮೇಲೊಂದು ಪೆನ್ಸಿಲ್. ಎಲ್ಲರನ್ನೂ ಪ್ಯಾಕಿಂಗ್ ಹಾಲಿನಲ್ಲಿ ನಿಲ್ಲಿಸಿ, "ಇಲ್ಲಿ ಯಾವ ತೊಂದರೆಗಳಿವೆ? ದಯವಿಟ್ಟು ಹೇಳಿರಿ. ತೊಂದರೆ ಹೇಳುವವರು ನನಗೆ ಉಪಕಾರ ಮಾಡುತ್ತಾರೆ" ಅಂದರು. ನಾವು ಹದಿನಾರು ಜನ. ಒಬ್ಬರೂ ಉಸಿರೆತ್ತಲಿಲ್ಲ. ಮೇಡಂ ಕಾದರು. ಕಾದೇ ಕಾದರು. ಸಾವಿನ ಮನೆಯಲ್ಲೂ ಅಷ್ಟು ಹೊತ್ತು ಯಾರೂ ಸುಮ್ಮನಿರುವುದಿಲ್ಲ ಮಾರಾಯರೆ. ಕೊನೆಗೆ ಇಲ್ಲೇ ಮೆಕ್ಯಾನಿಕ್ ಆಗಿರುವ ನಮ್ಮ ಚಿಕ್ಕಪ್ಪನೇ ಕೈ ಮುಗಿದು, "ಎಲ್ಲಾ ಚೆನ್ನಾಗಿದೆ ಮೇಡಂ, ನೀವು ಬಂದ್ರಲ್ಲ, ಇನ್ನೇನು" ಅಂದರು. ಮೇಡಂ ಪೆನ್ಸಿಲ್ ತೆಗೆದು ಬರೆದುಕೊಂಡರು. ಹತ್ತಿರ ನಿಂತಿದ್ದೆ, ಕಂಡಿತು. ತೊಂದರೆ: ಇಲ್ಲ.

ಹಾಗೆಂದರೆ ಹಾಗೇ ನಂಬಿಬಿಡುವುದೇ?

ಜೂನ್ 5, ಗುರುವಾರ

ಈ ನೋಟ್‌ಬುಕ್ ಓದುವವರು ಯಾರೂ ಇಲ್ಲ. ಆದ್ದರಿಂದ ಇಲ್ಲಾದರೂ ನಿಜ ಬರೆದುಬಿಡುತ್ತೇನೆ. ಮೂರನೇ ರೂಮಿನ ಒಳಗಿನ ಹ್ಯಾಂಡಲ್ ಕೆಲಸ ಮಾಡುವುದಿಲ್ಲ. ಹದಿನಾಲ್ಕು ತಿಂಗಳಾಯಿತು.

ಬಾಗಿಲು ನನ್ನ ಗೇಣಿನಷ್ಟು ದಪ್ಪ. ತಾನಾಗಿಯೇ ಎಳೆದುಕೊಂಡು ಮುಚ್ಚುತ್ತದೆ. ಒಳಗಿದ್ದವರು ಹ್ಯಾಂಡಲ್ ತಳ್ಳಿದರೆ ಹೊರಗಿನ ಚಿಲಕ ಬಿಡಬೇಕು. ಬಿಡುವುದಿಲ್ಲ. ಒಳಗಿನ ಸರಳು ಬಾಗಿದೆ, ಸುತ್ತ ಐಸ್ ಕಟ್ಟಿದೆ. ಸರಿಮಾಡಬೇಕೆಂದರೆ ರೂಮು ಖಾಲಿ ಮಾಡಿ ಎರಡು ದಿನ ಕೂಲಿಂಗ್ ನಿಲ್ಲಿಸಬೇಕು. ಹಳೇ ಸಾಹೇಬರಿಗೆ ಅದನ್ನು ಹೇಳುವ ಎದೆ ಯಾರಿಗಿತ್ತು? "ಪ್ರಾಬ್ಲಮ್ ತಂದು ನನ್ನ ಟೇಬಲ್ ಮೇಲೆ ಇಡ್ಬೇಡಿ, ಮುಗಿಸ್ಕೊಂಡು ಬನ್ನಿ" ಅನ್ನುತ್ತಿದ್ದರು. ನಾವು ಮುಗಿಸಿಕೊಂಡೆವು. ಬಾಗಿಲಿನ ಸಂದಿಗೆ ಒಂದು ನೀಲಿ ಕ್ರೇಟ್ ಇಟ್ಟು ಒಳಗೆ ಹೋಗುವುದು. ಹೊಸದಾಗಿ ಸೇರಿದವರಿಗೆ ಮೊದಲನೇ ದಿನ ಮೊದಲನೇ ಮಾತು ಅದೇ. ಎಲ್ಲೂ ಬರೆದಿಲ್ಲ. ಬರೆದಿರುವುದು ಓಕೆ ಅಂತ ಮಾತ್ರ. ನನ್ನ ಸಹಿ.

ರಿಪೇರಿ ರಿಜಿಸ್ಟರಿನಲ್ಲಿ "ಸರಿಪಡಿಸಲಾಗಿದೆ" ಅಂತಲೂ ಇದೆ. ಅದು ಚಿಕ್ಕಪ್ಪನ ಸಹಿ. ಅಪ್ಪನ ತಮ್ಮ. ಇಲ್ಲಿ ಮೂವತ್ತೊಂದು ವರ್ಷದಿಂದ ಮೆಕ್ಯಾನಿಕ್. ಅಪ್ಪ ಹೋದ ಮೇಲೆ ನನ್ನ ಕೈ ಹಿಡಿದುಕೊಂಡು ಬಂದು ಇಲ್ಲಿ ಕೆಲಸಕ್ಕೆ ಹಚ್ಚಿದವರು. ಬರುವ ಸೆಪ್ಟೆಂಬರಿನಲ್ಲಿ ರಿಟೈರ್ ಆಗುತ್ತಾರೆ.

ಇವತ್ತು ಮೇಡಂ ಮೂರನೇ ರೂಮಿನ ಮುಂದೆ ನಿಂತು ಕ್ರೇಟನ್ನೇ ನೋಡುತ್ತಿದ್ದರು. ನಾನು ಚೆಕ್ ಶೀಟ್ ತಿರುವುತ್ತಾ ಎರಡನೇ ರೂಮಿನ ಕಡೆ ನಡೆದುಬಿಟ್ಟೆ.

ಜೂನ್ 11, ಬುಧವಾರ

ಮೀಟಿಂಗ್. ಗೋಡೆಯ ಮೇಲೆ ದೊಡ್ಡ ಹಾಳೆ ಅಂಟಿಸಿದ್ದರು. ಮೂರನೇ ರೂಮಿನ ಬಾಗಿಲು ದಿನಕ್ಕೆ ನಾಲ್ಕು ಗಂಟೆ ತೆರೆದಿರುತ್ತದೆ, ಒಳಗೆ ಮಂಜು ಕಟ್ಟುತ್ತಿದೆ, ಮಾಲು ಕೆಡುತ್ತದೆ. "ಕ್ರೇಟನ್ನು ಏಕೆ ಇಡುತ್ತೀರಿ?"

ಎಲ್ಲರೂ ನಮ್ಮ ನಮ್ಮ ಬೂಟು ನೋಡಿಕೊಂಡೆವು.

"ಇದು ತಪ್ಪು ಹುಡುಕುವ ಪ್ರಶ್ನೆಯಲ್ಲ. ಕಾರಣ ತಿಳಿಯಬೇಕಾಗಿದೆ."

"ಅಭ್ಯಾಸ ಮೇಡಂ" ಅಂದರು ಚಿಕ್ಕಪ್ಪ. ಎಲ್ಲರೂ ನಕ್ಕರು. ನಾನೂ ನಕ್ಕೆ. ಥೂ.

"ಹಾಗಾದರೆ ಅಭ್ಯಾಸ ಬಿಡಬೇಕು" ಅಂದರು ಮೇಡಂ. ಅಷ್ಟೇ. ಕೋಪ ಇಲ್ಲ, ಕಿರುಚಾಟ ಇಲ್ಲ. ಹಳೇ ಸಾಹೇಬರಾಗಿದ್ದರೆ ಬೈದಾಡಿ, ಗಂಟಲು ಒಣಗಿಸಿಕೊಂಡು, ಸಂಜೆಗೆ ಮರೆತುಬಿಡುತ್ತಿದ್ದರು. ನಾವು ಮಾರನೇ ದಿನ ಕ್ರೇಟ್ ಇಡುತ್ತಿದ್ದೆವು. ಈಕೆ ಮಧ್ಯಾಹ್ನದ ಹೊತ್ತಿಗೆ ನೀಲಿ ಕ್ರೇಟುಗಳನ್ನೆಲ್ಲ ಎಣಿಸಿ ಬಾಗಿಲಿನಿಂದ ದೂರ ಸಾಗಿಸಿಬಿಟ್ಟರು. ಆಮೇಲೆ ನನ್ನ ಚೆಕ್ ಶೀಟಿನ ಫೈಲ್ ಎತ್ತಿ ಎಲ್ಲರಿಗೂ ತೋರಿಸಿದರು. "ಒಂದು ದಿನವೂ ತಪ್ಪಿಲ್ಲ. ಇದು ಒಳ್ಳೆಯ ಕೆಲಸ." ಚಪ್ಪಾಳೆ ಹೊಡೆದರು. ನನಗೆ ಅಲ್ಲೇ ನೆಲಕ್ಕೆ ಇಳಿದುಹೋಗೋಣ ಅನ್ನಿಸಿತು.

ಜೂನ್ 12, ಗುರುವಾರ

ಹೇಳಿದೆ. ಅಂದರೆ, ಹೇಳಿದ ಹಾಗೆ ಮಾಡಿದೆ.

"ಮೇಡಂ, ಆ ಮೂರನೇ ರೂಮಿನ ಬಾಗಿಲು... ಸ್ವಲ್ಪ ಹಳೇದು."

"ಅದು ಮುಚ್ಚುತ್ತದೆಯೇ?"

"ಮುಚ್ಚತ್ತೆ ಮೇಡಂ."

"ತೆರೆಯುತ್ತದೆಯೇ?"

"ತೆರಿಯತ್ತೆ... ಅಂದ್ರೆ, ತೆರಿಯತ್ತೆ ಮೇಡಂ."

"ಒಳ್ಳೆಯದು. ಧನ್ಯವಾದ."

ಇನ್ನೊಂದು ಪ್ರಶ್ನೆ ಕೇಳಬಾರದಿತ್ತೆ? ನನ್ನ ಮುಖ ನೋಡಬಾರದಿತ್ತೆ? ಸೂಪರ್‌ವೈಸರ್ ಒಬ್ಬಳು ಏನೂ ಇಲ್ಲದೆ ಬಾಗಿಲಿನ ವಯಸ್ಸು ಹೇಳಲು ಮಹಡಿ ಹತ್ತಿ ಬರುತ್ತಾಳೆಯೆ? ನಮ್ಮಲ್ಲಿ ಹಳೇದು ಅಂದರೆ ಸಾಕು, ಎದುರಿನವರಿಗೆ ಅರ್ಥವಾಗುತ್ತದೆ. ಮೇಡಂ ಮೇಲೆ ಸಿಟ್ಟು ಬಂತು. ಆಮೇಲೆ ನನ್ನ ಮೇಲೇ ಬಂತು.

ಈಗ ಇಬ್ಬಿಬ್ಬರು ಹೋಗುತ್ತಾರೆ. ಒಬ್ಬ ಒಳಗೆ, ಒಬ್ಬ ಹೊರಗೆ ಚಿಲಕದ ಮೇಲೆ ಕೈ ಇಟ್ಟುಕೊಂಡು.

ಜೂನ್ 17, ಮಂಗಳವಾರ

ಚಿಲಕ ಕಾಯುತ್ತಿದ್ದವನನ್ನು ಮೇಡಂ ಕೇಳಿದರಂತೆ, "ನೀವು ಏಕೆ ನಿಂತಿದ್ದೀರಿ?" ಇವನು "ಸುಮ್ನೆ ಮೇಡಂ" ಅಂದನಂತೆ. ಸುಮ್ಮನೆ! ಅವನನ್ನು ಪ್ಯಾಕಿಂಗಿಗೆ ಹಾಕಿದರು. ತಪ್ಪೇನು ಅವರದು? ಸುಮ್ಮನೆ ನಿಂತವನಿಗೆ ಕೆಲಸ ಕೊಟ್ಟರು.

ನಾನೊಂದು ಉಪಾಯ ಮಾಡಿದೆ. ಮನೆಯಿಂದ ಸುತ್ತಿಗೆ ತಂದು ಮೂರನೇ ರೂಮಿನೊಳಗೆ, ಬಾಗಿಲಿನ ಪಕ್ಕ ದಾರ ಕಟ್ಟಿ ನೇತುಹಾಕಿದೆ. ಯಾರಾದರೂ ಸಿಕ್ಕಿಕೊಂಡರೆ ಬಡಿಯಲಿ. ಒಳಗಿಂದ ಕೂಗಿದರೆ ಕೇಳುವುದಿಲ್ಲ, ಫೋನಿಗೂ ಸಿಗ್ನಲ್ ಇಲ್ಲ. ಸುತ್ತಿಗೆ ಸದ್ದು ಕೇಳಿದರೂ ಕೇಳಬಹುದು. ಮನೆಯಲ್ಲಿ ನಮ್ಮವರು ರಾತ್ರಿ ಊಟದ ಹೊತ್ತಿಗೆ ಸುತ್ತಿಗೆ ಹುಡುಕಿ ಹುಡುಕಿ ಸುಸ್ತಾದರು. ಹಾಸಿಗೆ ಅಂಗಡಿಯ ಡೆಲಿವರಿ ವ್ಯಾನ್ ಓಡಿಸುವ ಮನುಷ್ಯನಿಗೆ ಸುತ್ತಿಗೆ ಯಾಕೋ! ಗೊತ್ತಿಲ್ಲ ಅಂದುಬಿಟ್ಟೆ. ಒಂದು ಸುಳ್ಳಿನ ಬಾಲ ಹಿಡಿದುಕೊಂಡು ಇನ್ನೆಷ್ಟು ಬರುತ್ತವೋ.

ಜೂನ್ 19, ಗುರುವಾರ

ಸುತ್ತಿಗೆ ಹೋಯಿತು. ರೌಂಡಿಗೆ ಬಂದ ಮೇಡಂ, "ಇದು ಏತಕ್ಕೆ?" ಅಂದರು. "ಐಸ್ ಒಡೆಯೋಕೆ ಮೇಡಂ." ನನ್ನ ಬಾಯಿಂದಲೇ ಬಂತು, ನಾನಲ್ಲ ಹೇಳಿದ್ದು ಅನ್ನುವ ಹಾಗೆ. "ಉಪಕರಣಗಳ ಜಾಗ ವರ್ಕ್‌ಶಾಪ್" ಅಂದು ತಾವೇ ದಾರ ಬಿಚ್ಚಿ ತೆಗೆದುಕೊಂಡು ಹೋದರು.

ನಾವು ಒಂದೊಂದು ಇಡುತ್ತೇವೆ. ಅವರು ಒಂದೊಂದು ತೆಗೆಯುತ್ತಾರೆ. ಯಾಕೆ ಇಟ್ಟಿದ್ದು ಅಂತ ಗೊತ್ತಿದ್ದರೆ ತೆಗೆಯುವವರಲ್ಲ. ಗೊತ್ತಾಗಬೇಕಾದರೆ ನಾನು ಬಾಯಿ ಬಿಡಬೇಕು.

ಜೂನ್ 24, ಮಂಗಳವಾರ

ಬಾಗಿಲಿಗೆ ಅಲಾರಂ ಹಾಕಿಸಿದರು. ಒಂದು ನಿಮಿಷಕ್ಕಿಂತ ಹೆಚ್ಚು ತೆರೆದಿದ್ದರೆ ಕುಯ್ಯೋ ಅನ್ನುತ್ತದೆ, ಮೇಡಂ ಫೋನಿಗೆ ಮೆಸೇಜೂ ಹೋಗುತ್ತದೆ. ಭಾನುವಾರವೂ ಸೇರಿ.

ಉದ್ದಣ್ಣ ಹೇಳಿದ, "ಇನ್ಮೇಲೆ ಮೂರನೇ ರೂಮಿಗೆ ಹೋಗೋ ಮುಂಚೆ ಹೆಂಡ್ತಿ ಮಕ್ಕಳಿಗೆ ಫೋನ್ ಮಾಡ್ಬಿಟ್ಟು ಹೋಗ್ಬೇಕು ಅಕ್ಕಾ." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಜೂನ್ 25, ಬುಧವಾರ. ಮಧ್ಯಾಹ್ನ 12.15

ಊಟಕ್ಕೆ ಹೋಗದೆ ಬರೆಯಲು ಕೂತಿದ್ದೇನೆ.

ಹನ್ನೊಂದೂಕಾಲಿಗೆ ಉದ್ದಣ್ಣನನ್ನು ಹುಡುಕಿದೆ. ಲಾರಿ ಕಾಯುತ್ತಿತ್ತು. ಟಾಯ್ಲೆಟ್ಟಿನಲ್ಲಿ ಇಲ್ಲ. ಕ್ಯಾಂಟೀನಿನಲ್ಲಿ ಇಲ್ಲ. ಮೂರನೇ ರೂಮಿನ ಮುಂದೆ ಅವನ ಟೀ ಲೋಟ, ಅರ್ಧ ಟೀ, ತಣ್ಣಗೆ. ಚಿಲಕ ಎಳೆದೆ — ಬಾಗಿಲಿನ ಜೊತೆಗೇ ಅವನೂ ಹೊರಗೆ ಬಿದ್ದ. ಇಡೀ ಮೈಯಿಂದ ಬಾಗಿಲನ್ನು ಒತ್ತಿಕೊಂಡು ನಿಂತಿದ್ದ. ಹುಬ್ಬಿನ ಮೇಲೆಲ್ಲ ಬಿಳಿ. ತುಟಿ ನೀಲಿ. ಕೋಟು ಹಾಕಿರಲಿಲ್ಲ, ಎರಡು ನಿಮಿಷದ ಕೆಲಸ ಅಂತ ಹೋಗಿದ್ದನಂತೆ. ಹದಿನೇಳು ನಿಮಿಷ.

ಚಿಕ್ಕಪ್ಪ ಓಡಿಬಂದು ಕೈ ತಿಕ್ಕಿದರು. ಸ್ವಲ್ಪ ಹೊತ್ತಿಗೆ ನಕ್ಕ. "ಬಟಾಣಿ ಆಗ್ಬಿಡ್ತಿದ್ದೆ ಅಕ್ಕಾ." ನಗುತ್ತಲೇ ಅಳಲು ಶುರುಮಾಡಿದ. ಆರಡಿ ಮೇಲಿರುವ ಗಂಡಸು.

ಮೇಡಂ ಊರಲ್ಲಿರಲಿಲ್ಲ. ಸುತ್ತ ನಿಂತವರೆಲ್ಲ ಮುಖ ಮುಖ ನೋಡಿಕೊಂಡೆವು. "ಏನೂ ಆಗ್ಲಿಲ್ವಲ್ಲ, ಬಿಡಿ" ಅಂದರು ಯಾರೋ. ಯಾರೂ ಯಾರಿಗೂ ಹೇಳುವುದಿಲ್ಲ ಅಂತ ಯಾರೂ ಹೇಳಲಿಲ್ಲ. ಆದರೂ ಅದು ತೀರ್ಮಾನವಾಗಿಹೋಯಿತು.

ಜೂನ್ 26, ಗುರುವಾರ. ಬೆಳಿಗ್ಗೆ 6.45

ಒಳಗಿನ ಹ್ಯಾಂಡಲ್ — ಓಕೆ ಅಂತ ಬರೆದೆ. ಪೆನ್ನು ಹಿಡಿದು ಐದು ನಿಮಿಷ ನಿಂತಿದ್ದೆ. ಇವತ್ತು ಇಲ್ಲ ಅಂತ ಬರೆದರೆ ನಿನ್ನೆಯ ಓಕೆ ಏನು? ಮೊನ್ನೆಯದು? ನಾನೂರು ಓಕೆಗಳು ಸಾಲಾಗಿ ನಿಂತು ನನ್ನನ್ನೇ ನೋಡುತ್ತವೆ.

ಸಂಜೆ

ಮೇಡಂ ಕರೆಸಿದರು. ಕೂರಿಸಿದರು. "ಉದ್ದ ವ್ಯಕ್ತಿಯ ಬೆರಳುಗಳಿಗೆ ಬ್ಯಾಂಡೇಜ್ ಇದೆ. ಏನಾಯಿತು ಎಂದು ಆರು ಜನರನ್ನು ಕೇಳಿದೆ. ಆರು ಉತ್ತರ ಬಂತು." ಪೆನ್ಸಿಲ್ ಕಿವಿಯ ಮೇಲಿರಲಿಲ್ಲ, ಮೇಜಿನ ಮೇಲಿತ್ತು. "ನೀವು ನನಗೆ ಏನಾದರೂ ಹೇಳಲು ಬಯಸುತ್ತೀರಾ?"

ಗುಮಾಸ್ತ ಪಕ್ಕದಲ್ಲೇ ಟೈಪ್ ಮಾಡುತ್ತಿದ್ದ. ಚಿಕ್ಕಪ್ಪನ ಮುಖ ಕಣ್ಣ ಮುಂದೆ ಬಂತು. "ಇಲ್ಲ ಮೇಡಂ."

ಅವರು ನನ್ನನ್ನು ನೋಡಿದರು. ಸಿಟ್ಟಲ್ಲ. "ನಮ್ಮ ಕಡೆ ಇಲ್ಲ ಎಂದರೆ ಇಲ್ಲ. ಇಲ್ಲಿ ನನಗೆ ಗೊತ್ತಾಗುವುದಿಲ್ಲ. ಎಲ್ಲರೂ ನಗುತ್ತೀರಿ, ಎಲ್ಲವೂ ಸರಿ ಎನ್ನುತ್ತೀರಿ. ನನಗೆ ಭಯವಾಗುತ್ತದೆ."

ನಮ್ಮ ಯಾವ ಸಾಹೇಬರೂ ನನ್ನ ಮುಂದೆ ಭಯವಾಗುತ್ತದೆ ಅಂದಿದ್ದಿಲ್ಲ. ಎದ್ದು ನಮಸ್ಕಾರ ಮಾಡಿದೆ. ಬಾಗಿಲ ಹೊರಗೆ ಬಂದು ಗೋಡೆಗೆ ಒರಗಿ ನಿಂತೆ.

ಜೂನ್ 27, ಶುಕ್ರವಾರ

ಚಿಕ್ಕಪ್ಪನ ಹತ್ತಿರ ಹೋದೆ. ವರ್ಕ್‌ಶಾಪಿನಲ್ಲಿ ಒಬ್ಬರೇ ಇದ್ದರು, ಡಬ್ಬಿ ತೆರೆದು ಊಟಕ್ಕೆ ಕೂತಿದ್ದರು.

"ಚಿಕ್ಕಪ್ಪಾ, ಆ ಹ್ಯಾಂಡಲ್..."

"ಊಟ ಮಾಡೋಕೆ ಬಿಡ್ತೀಯಾ?"

"ಉದ್ದಣ್ಣ ಸತ್ತೇ ಹೋಗ್ತಿದ್ದ."

"ಸಾಯ್ಲಿಲ್ವಲ್ಲ." ಅಂದವರೇ ತುತ್ತು ಕೆಳಗಿಟ್ಟರು. ಡಬ್ಬಿ ಮುಚ್ಚಿದರು. "ನಂಗೂ ನಿದ್ದೆ ಇಲ್ಲ ಕಣೆ. ಏನ್ ಮಾಡ್ಲಿ ಹೇಳು. ಸರಿಪಡಿಸಲಾಗಿದೆ ಅಂತ ಬರ್ದು ಸೈನ್ ಹಾಕಿದೀನಿ. ಮೂವತ್ತೊಂದು ವರ್ಷ. ಒಂದು ಮೆಮೊ ಇಲ್ಲ. ಈಗ ಆಕೆ ಎಲ್ಲರನ್ನೂ ನಿಲ್ಲಿಸ್ಕೊಂಡು, ಆ ಪುಸ್ತಕದ ಭಾಷೇಲಿ, ನೀವು ಸುಳ್ಳು ಬರೆದಿದ್ದೀರಿ ಅಂತಾಳೆ. ಬೈದ್ರೆ ತಡ್ಕೋಬಹುದು. ಹಾಗೆ ತಣ್ಣಗೆ ಹೇಳಿದ್ರೆ ಹೇಗೆ ತಡ್ಕೊಳ್ಳೋದು?"

ಚಿಕ್ಕಪ್ಪನಿಗೆ ಎದುರು ಮಾತಾಡಿದವಳಲ್ಲ ನಾನು. ಆದರೂ ಹೇಳಿದೆ. "ಸೋಮವಾರ ಬೆಳಿಗ್ಗೆ ನಾನೇ ಹೋಗಿ ಹೇಳ್ತೀನಿ ಚಿಕ್ಕಪ್ಪಾ. ನನ್ನ ಸಹೀನೂ ಇದೆ, ಆಗಿದ್ದಾಗ್ಲಿ. ಅಷ್ಟರೊಳಗೆ ನೀವೇ ಹೇಳಿದ್ರೆ ನಿಮ್ಮ ಮಾನ ನಿಮ್ಮ ಕೈಯಲ್ಲೇ ಇರತ್ತೆ."

ಚಿಕ್ಕಪ್ಪ ನನ್ನ ತಲೆಯ ಮೇಲೆ ಕೈ ಇಟ್ಟರು, ಚಿಕ್ಕವಳಿದ್ದಾಗ ಇಡುತ್ತಿದ್ದ ಹಾಗೆ. "ಸೋಮವಾರದವರೆಗೆ ಟೈಮ್ ಕೊಟ್ಟೆಯಲ್ಲ. ಸಾಕು ಬಿಡು."

ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ದೊಡ್ಡವರ ಮರ್ಯಾದೆಯೂ ಉಳಿಯಿತು, ನಾನೂ ಹೇಳಿದಂತಾಯಿತು. ಎರಡು ದಿನ ತಾನೆ. ನಾಳೆ ಮೂರನೇ ರೂಮಿಗೆ ನಾನೇ ಹೋಗುತ್ತೇನೆ, ಬೇರೆ ಯಾರನ್ನೂ ಬಿಡುವುದಿಲ್ಲ. ಭಾನುವಾರ ಹೇಗೂ ರಜೆ.

ಜೂನ್ 28, ಶನಿವಾರ

ಚಿಕ್ಕಪ್ಪ ಇಡೀ ದಿನ ಶಿಳ್ಳೆ ಹೊಡೆಯುತ್ತಾ ಓಡಾಡಿದರು. ಹಳೇ ಕಬ್ಬಿಣದ ರಾಶಿಯಲ್ಲಿ ಏನೋ ಕೆದಕುತ್ತಿದ್ದರು. ಮೇಡಂ ಹತ್ತಿರ ಹೋಗಲಿಲ್ಲ. ಹೋಗಲಿ, ಸೋಮವಾರ ಇದೆಯಲ್ಲ.

ಜೂನ್ 29, ಭಾನುವಾರ. ಮಧ್ಯಾಹ್ನ 2.55. ವ್ಯಾನಿನಲ್ಲಿ

ಅಕ್ಷರ ಕುಣಿಯುತ್ತಿದೆ. "ಇಂಥಾ ಹೊತ್ತಲ್ಲೂ ಬರೀತೀಯಲ್ಲೇ!" ಅಂತ ನಮ್ಮವರು. ಬರೆಯದಿದ್ದರೆ ಕಿರುಚಿಬಿಡುತ್ತೇನೆ. ಇನ್ನೂ ಅರ್ಧ ಗಂಟೆ ದಾರಿ.

ಎರಡೂಮುಕ್ಕಾಲಿಗೆ ಚಿಕ್ಕಮ್ಮನ ಫೋನ್. "ನಿಮ್ಮ ಚಿಕ್ಕಪ್ಪ ಅಲ್ಲಿಗೆ ಬಂದಿದ್ದಾರೇನೆ?"

"ಇಲ್ವಲ್ಲ ಚಿಕ್ಕಮ್ಮಾ, ಯಾಕೆ?"

"ಹನ್ನೆರಡೂವರೆಗೆ ಟೂಲ್ ಬ್ಯಾಗ್ ಎತ್ಕೊಂಡು ಫ್ಯಾಕ್ಟ್ರಿಗೆ ಹೋದ್ರು. ಹೊಸ ಸರಳು ಮಾಡ್ಕೊಂಡಿದೀನಿ, ಐಸ್ ಕೆತ್ತಿ ಕೂರಿಸಿದ್ರಾಯ್ತು, ಒಂದು ಗಂಟೆ ಕೆಲಸ, ಎರಡಕ್ಕೆ ಊಟಕ್ಕೆ ಬರ್ತೀನಿ ಅಂದ್ರು. ನಿಂಗೆ ಹೇಳ್ಬೇಡ ಅಂತಾನೂ ಅಂದ್ರು. ಸೋಮವಾರ ಅವಳ ಮುಖ ನೋಡ್ಬೇಕು ನಾನು ಅಂತ ನಗ್ತಾ ಹೋದ್ರು. ಫೋನ್ ಹತ್ತುತ್ತಾನೇ ಇಲ್ಲ ಕಣೆ."

ಬಾಗಿಲು ತೆರೆದಿಟ್ಟರೆ ಮೇಡಂಗೆ ಮೆಸೇಜ್ ಹೋಗುತ್ತದೆ. ಕದ್ದು ಮಾಡುವ ಕೆಲಸ. ಮುಚ್ಚಿಕೊಂಡೇ ಮಾಡುತ್ತಾರೆ. ಹೊಸ ಸರಳು ಕೂರುತ್ತದೆ, ಒಳಗಿಂದಲೇ ತೆಗೆದುಕೊಂಡು ಬರುತ್ತೇನೆ ಅನ್ನುವ ಧೈರ್ಯ. ಮೂವತ್ತೊಂದು ವರ್ಷದ ಧೈರ್ಯ.

ಸೋಮವಾರದವರೆಗೆ ಅಂತ ಟೈಮ್ ಕೊಟ್ಟವಳು ನಾನು. ನಾನೇ.

ಗೇಟಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಎತ್ತಿದ್ದರೂ ಒಳಗಿನ ಬೀಗದ ಕೈ ಭಾನುವಾರ ಕಾವಲುಗಾರನ ಹತ್ತಿರ ಇರುವುದಿಲ್ಲ. ಚಿಕ್ಕಪ್ಪನ ಹತ್ತಿರ ಒಂದು, ಮೇಡಂ ಹತ್ತಿರ ಒಂದು. ಮೇಡಂ ಮನೆ ಫ್ಯಾಕ್ಟರಿಯ ಹಿಂದೆಯೇ.

ಮೇಡಂಗೆ ಮಾಡಿದೆ. ಎತ್ತಿದರು. ನಾನು ಏನೆಂದೆ ಗೊತ್ತೆ? "ನಮಸ್ಕಾರ ಮೇಡಂ, ಭಾನುವಾರ ತೊಂದ್ರೆ ಕೊಡ್ತಿದೀನಿ, ಊಟ ಆಯ್ತಾ?" ನನ್ನ ಬಾಯಿಗಿಷ್ಟು ಬೆಂಕಿ ಹಾಕ! ಅಲ್ಲಿ ಚಿಕ್ಕಪ್ಪ ಹೆಪ್ಪುಗಟ್ಟುತ್ತಿದ್ದಾರೆ, ಇಲ್ಲಿ ಊಟ ಆಯ್ತಾ!

"ಆಯಿತು. ಏನು ತೊಂದರೆ?"

"ಏನಿಲ್ಲ ಮೇಡಂ —" ಅಂದೆ. ಅದನ್ನೂ ಅಂದೆ. ನಾಲಿಗೆಗೆ ಬೇರೆ ಮಾತೇ ಗೊತ್ತಿಲ್ಲ. ಪಕ್ಕದಲ್ಲಿ ನಮ್ಮವರು ಕೈ ಎತ್ತಿ ಸ್ಟೀರಿಂಗಿಗೆ ಹೊಡೆದರು. ಆಗ ಬಂತು. "ಮೇಡಂ, ಮೂರನೇ ರೂಮಿನ ಒಳಗಿನ ಹ್ಯಾಂಡಲ್ ಕೆಟ್ಟಿದೆ. ಹದಿನಾಲ್ಕು ತಿಂಗಳಿಂದ ಕೆಟ್ಟಿದೆ. ನಾನು ಸುಳ್ಳು ಬರೆದೆ. ಚಿಕ್ಕಪ್ಪ ಒಳಗಿದ್ದಾರೆ. ಮಧ್ಯಾಹ್ನ ಒಂದರಿಂದ. ಓಡಿ ಮೇಡಂ."

"ಸರಿ" ಅಂದರು. ಯಾಕೆ ಅನ್ನಲಿಲ್ಲ, ಹೇಗೆ ಅನ್ನಲಿಲ್ಲ. ಫೋನಿನಲ್ಲಿ ಕುರ್ಚಿ ಬಿದ್ದ ಸದ್ದು, ಆಮೇಲೆ ಏನೂ ಇಲ್ಲ.

ಅಷ್ಟೇ ಸಾಕಾಗಿತ್ತು. ಆರು ಸಣ್ಣ ಮಾತು. ಜೂನ್ ಎರಡರಂದು ಹೇಳಬಹುದಿತ್ತು. ಮೊನ್ನೆ ತಮ್ಮ ಆಫೀಸಿನಲ್ಲಿ ಕೂರಿಸಿಕೊಂಡು ಕೇಳಿದಾಗ ಹೇಳಬಹುದಿತ್ತು.

ಕೋಟು ಹಾಕಿಕೊಂಡಿರುತ್ತಾರೆ. ಹಾಕಿಕೊಂಡೇ ಹಾಕಿಕೊಂಡಿರುತ್ತಾರೆ, ಚಿಕ್ಕಪ್ಪ ಉದ್ದಣ್ಣನ ಹಾಗಲ್ಲ. ಆದರೆ ಅರವತ್ತು ವರ್ಷ. ಊಟ ಬೇರೆ ಮಾಡಿಲ್ಲ. ಕೋಟು ಹಾಕಿಕೊಂಡು ಒಂದೂವರೆ, ಎರಡು ಗಂಟೆ... ಲೆಕ್ಕ ಹಾಕಲಾರೆ.

3.09

ಸಿಗ್ನಲ್. ಕೆಂಪು. ಚಿಕ್ಕಮ್ಮ ಮತ್ತೆ ಫೋನ್ ಮಾಡಿದರು. "ಏನಾಯ್ತೇ?" ಅಂದರು. "ಏನಿಲ್ಲ ಚಿಕ್ಕಮ್ಮಾ, ಗಾಬರಿ ಆಗ್ಬೇಡಿ" ಅಂದೆ. ನೋಡು, ಮತ್ತೆ ಅದೇ.

3.14

ಮೆಸೇಜ್ ಬಂತು. ಮೇಡಂದು. ತೆರೆದಿಲ್ಲ.

ನಮ್ಮ ಊರಿನವರ ಪೈಕಿ ಯಾರಾದರೂ ಆಗಿದ್ದರೆ "ಹೆದರ್ಬೇಡಿ, ನಿಧಾನ ಬನ್ನಿ, ನೋಡೋಣ" ಅಂತ ಬರೆದಿರುತ್ತಿದ್ದರು. ಅದನ್ನು ಹಿಡಿದುಕೊಂಡು ಫ್ಯಾಕ್ಟರಿ ಗೇಟಿನವರೆಗಾದರೂ ಹೋಗಬಹುದಿತ್ತು. ಮೇಡಂ ಹಾಗೆ ಬರೆಯುವವರಲ್ಲ. ಇದ್ದದ್ದನ್ನು ಇದ್ದ ಹಾಗೇ ಬರೆದಿರುತ್ತಾರೆ, ಪುಸ್ತಕದ ಭಾಷೆಯಲ್ಲಿ.

"ಓದೇ, ಏನಂತೆ?" ಅನ್ನುತ್ತಿದ್ದಾರೆ ನಮ್ಮವರು. ವ್ಯಾನ್ ನಿಲ್ಲಿಸಿಬಿಟ್ಟಿದ್ದಾರೆ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಾರೆ.

ಓದುತ್ತೇನೆ. ಮೇಲಿನ ಸಾಲು ಕಾಣುತ್ತಿದೆ. "ನಿಮ್ಮ ಚಿಕ್ಕಪ್ಪನವರು" ಅಂತ ಇದೆ. ಮುಂದೆ